ನಾಳೆಯ ಸಿಕ್ಕಾ

ನಾನು ತಾರೀಕು ಹೊಡೆಯುವ ಸಿಕ್ಕಾ. ಸರಕಾರಿ ಕಾಗದದಲ್ಲಿ ನನ್ನನ್ನು ಮೊಹರು ಅನ್ನುತ್ತಾರೆ, ಅನ್ನಲಿ ಬಿಡಿ. ಬಸ್ ನಿಲ್ದಾಣದ ಎದುರಿನ ಡಬ್ಬಿ ಅಂಗಡಿಯಲ್ಲಿ ಒಬ್ಬ ಮುದುಕ ನನ್ನ ಹೊಟ್ಟೆಗೆ ಮೂರು ರಬ್ಬರ್ ಪಟ್ಟಿ ಸುತ್ತಿದ: ದಿನಕ್ಕೊಂದು, ತಿಂಗಳಿಗೊಂದು, ವರ್ಷಕ್ಕೊಂದು. ಮರದ ಹಿಡಿ ಸಿಕ್ಕಿಸಿ, ಹಳೇ ಪೇಪರಿನ ಮೇಲೆ ಗುದ್ದಿ ನೋಡಿದ. ಚೆನ್ನಾಗಿಯೇ ಬಿದ್ದೆ.

ಅಲ್ಲಿಂದ ಮಾಜಿ ಸೈನಿಕರ ಅರ್ಜಿ ತೆಗೆದುಕೊಳ್ಳುವ ಒಂದು ಕಚೇರಿಗೆ ಬಂದೆ. ಟಪಾಲು ಮೇಜಿನ ಮಹಾನಂದಾ ಬಡಿಗೇರ ನನ್ನ ಒಡತಿ. ಅಬ್ಬಾ, ಎಂಥೆಂಥ ಜನ ಬರುತ್ತಿದ್ದರು ಆ ಮೇಜಿಗೆ! ಹಿಮದಲ್ಲಿ ಬೆರಳು ಕಳೆದುಕೊಂಡವರು, ಮಂಡಿಯೊಳಗೆ ಕಬ್ಬಿಣ ಇಟ್ಟುಕೊಂಡವರು. ಗುಂಡಿಗೆ ಹೆದರದವರು ನನ್ನನ್ನು ಎತ್ತಿದಾಗ ಉಸಿರು ಹಿಡಿದು ನಿಲ್ಲುತ್ತಿದ್ದರು. ಗಡುವಿನೊಳಗೆ ನಾನು ಬಿದ್ದರೆ ಅರ್ಜಿ ಬದುಕಿತು, ದಾಟಿದರೆ ಸತ್ತಿತು. ನನಗೆ ನನ್ನ ಮೇಲೆಯೇ ಭಯಭಕ್ತಿ ಹುಟ್ಟಿತ್ತು ಅಂದರೆ ನಗಬೇಡಿ.

ಮಹಾನಂದಾ ಅವರಿಗೆ ಒಂದು ರೂಢಿ. ನಾಲ್ಕು ಗಂಟೆಗೆ ಟಪಾಲು ಮುಗಿಯಿತೆಂದರೆ, ಬೆಳಗಿನ ಗದ್ದಲದಲ್ಲಿ ಮರೆಯಬಾರದೆಂದು ಆಗಲೇ ನನ್ನ ಪಟ್ಟಿ ತಿರುಗಿಸಿ ನಾಳೆಯ ತಾರೀಕು ಕೂರಿಸಿಬಿಡುತ್ತಿದ್ದರು. ದಿನಾ ಸಂಜೆ ನಾನು ಇಡೀ ಊರಿಗಿಂತ ಒಂದು ದಿನ ಮುಂದೆ. ಆ ಜಂಬವೂ ನನಗಿತ್ತು.

ಅವತ್ತು ಜೂನ್ ಹದಿನೇಳು. ನಾಲ್ಕೂವರೆ ದಾಟಿದ ಮೇಲೆ ಹವಾಲ್ದಾರ್ ಅಡಿವೆಪ್ಪ ಗಸ್ತಿ ಏದುಸಿರು ಬಿಡುತ್ತಾ ಬಂದರು. ಹದಿನೆಂಟು ವರ್ಷ ಫಿರಂಗಿಗಳ ಪಕ್ಕ ನಿಂತು ಅವರ ಎರಡೂ ಕಿವಿ ಹೋಗಿದ್ದವು. ಅಂಗವೈಕಲ್ಯ ಪಿಂಚಣಿ ಕೇಳಿದರೆ, ‘ಇದು ಹುಟ್ಟಿನಿಂದ ಬಂದ ದೋಷ, ಸೇವೆಗೆ ಸಂಬಂಧವಿಲ್ಲ’ ಎಂಬ ಉತ್ತರ ಬಂದಿತ್ತು. ಮೇಲ್ಮನವಿಗೆ ಆರು ತಿಂಗಳ ಗಡುವು. ಅದು ಅವತ್ತೇ ಮುಗಿಯುತ್ತಿತ್ತು. ಸೇವೆಯಲ್ಲೇ ಕಿವಿ ಕೆಟ್ಟದ್ದಕ್ಕೆ ಸಾಕ್ಷಿಯಾದ ಸೈನ್ಯದ ಆಸ್ಪತ್ರೆಯ ಹಳೇ ಚೀಟಿ ಆ ಮಧ್ಯಾಹ್ನವಷ್ಟೇ ಕೈಗೆ ಸಿಕ್ಕಿ, ನೆಟ್ಟಗೆ ಇಲ್ಲಿಗೇ ಓಡಿ ಬಂದಿದ್ದರು.

“ಹುಟ್ಟು ಕಿವುಡ ಇದ್ರ ನನ್ನ ಸೈನ್ಯಕ್ಕ ಹ್ಯಾಂಗ ತಗೊಂಡ್ರು, ಅಕ್ಕಾರ?” ಎಂದು ಕಿರುಚಿದರು. ತಮ್ಮ ದನಿ ಎಷ್ಟು ಜೋರೆಂದು ಅವರಿಗೆ ತಿಳಿಯುತ್ತಿರಲಿಲ್ಲ, ಪಾಪ.

ಮಹಾನಂದಾ ಆ ಅವಸರದಲ್ಲಿ ನನ್ನನ್ನು ಎತ್ತಿ ಗುದ್ದಿಯೇಬಿಟ್ಟರು. ಠಪ್! ಜೂನ್ ಹದಿನೆಂಟು.

ಅಡಿವೆಪ್ಪ ಬಗ್ಗಿ ನೋಡಿದರು. ಮೊದಲ ಸಲ ಅವರ ದನಿ ಇಳಿಯಿತು. “ನಾಳಿ ಬಿತ್ತಲ್ರೀ...”

ನನ್ನ ಜೀವ ಬಾಯಿಗೆ ಬಂತು. ಕೊಂದದ್ದು ನಾನೇ ತಾನೇ! ಪಕ್ಕದ ಮೇಜಿನ ಗುಮಾಸ್ತ ಮೆಲ್ಲಗೆ ಅಂದ: “ಮುಟ್ಟಬ್ಯಾಡ್ರಿ ಮೇಡಂ. ತಾರೀಕು ತಿದ್ದಿದ್ರ ರೊಕ್ಕಾ ತಿಂದೀರಿ ಅಂತಾರ. ನೌಕರಿಗೇ ಕುತ್ತು.”

ಮಹಾನಂದಾ ಒಂದು ಗಳಿಗೆ ಕಣ್ಣು ಮುಚ್ಚಿದರು. ಆಮೇಲೆ ಪೆನ್ನು ತೆಗೆದು ನನ್ನ ಅಚ್ಚಿನ ಮೇಲೆ ಅಡ್ಡಗೆರೆ ಎಳೆದು ಬರೆದರು: ‘ಅರ್ಜಿ ಬಂದದ್ದು ಜೂನ್ 17, ಸಂಜೆ 4.35. ಸಿಕ್ಕಾ ಮೊದಲೇ ತಿರುಗಿಸಿ ಇಟ್ಟದ್ದು ನನ್ನ ತಪ್ಪು.’ ಕೆಳಗೆ ಪೂರ್ತಿ ಹೆಸರು, ಸಹಿ. ಕಾಗದ ಹಿಡಿದು ಸಾಹೇಬರ ಕೋಣೆಗೆ ತಾವೇ ಹೋದರು. ಒಳಗೆ ಬೈಗುಳ ಕೇಳಿಸಿತು. ಹೊರಗೆ ಬಂದಾಗ ಅವರ ಕಣ್ಣು ಕೆಂಪಾಗಿತ್ತು, ಕಾಗದದ ಮೇಲೆ ಸಾಹೇಬರ ಹಸಿರು ಸಹಿ ಇತ್ತು. ಮರುದಿನ ಮೆಮೋ ಕೂಡ ಬಂತು.

ಅಬ್ಬಬ್ಬಾ! ಅಲ್ಲಿಯವರೆಗೆ ‘ನನ್ನ ತಪ್ಪು’ ಎಂದು ಬರೆದ ಸರಕಾರಿ ಕಾಗದವನ್ನು ನಾನು ಕಂಡೇ ಇರಲಿಲ್ಲ. ಆಮೇಲೂ ಕಾಣಲಿಲ್ಲ.

ಒಂದೂವರೆ ವರ್ಷದ ಮೇಲೆ ಅಡಿವೆಪ್ಪ ಆದೇಶ ಹಿಡಿದು ಬಂದರು. ಮಹಾನಂದಾ ಓದಿದರು: ಮೇಲ್ಮನವಿ ಗಡುವಿನೊಳಗೆ ಬಂದಿದೆ, ದೋಷ ಸೇವೆಯಲ್ಲೇ ಉಂಟಾದದ್ದು, ಪಿಂಚಣಿ ಮಂಜೂರು. ಓದುವವರ ತುಟಿಯನ್ನೇ ಅಡಿವೆಪ್ಪ ನೋಡುತ್ತಿದ್ದರು. “ಆ ನಡುವಿಂದು ಇನ್ನೊಮ್ಮೆ ಓದ್ರಿ,” ಅಂದರು. ಮಹಾನಂದಾ ಕಚೇರಿಯೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಓದಿದರು: “ಸೇವೆಯಲ್ಲೇ ಉಂಟಾದದ್ದು!” ಅಡಿವೆಪ್ಪನವರಿಗೆ ಕೇಳಿಸಲಿಲ್ಲ. ಆದರೂ ಬಿಕ್ಕಿ ಬಿಕ್ಕಿ ಅತ್ತರು.

ಈಗ ಕಂಪ್ಯೂಟರೇ ತಾರೀಕು ಹಾಕುತ್ತದೆ. ನಾನು ಮುರಿದ ಸ್ಟೇಪ್ಲರ್ ಜೊತೆ ಕಪಾಟಿನ ತಳದಲ್ಲಿದ್ದೇನೆ. ಲಕ್ಷಗಟ್ಟಲೆ ಕಾಗದದ ಮೇಲೆ ಬಿದ್ದವನು ನಾನು. ನನ್ನ ಮೇಲೆ ಗೆರೆ ಎಳೆದವರು ಒಬ್ಬರೇ. ಕೈಯೊಂದು ಇದ್ದಿದ್ದರೆ ಆ ಗೆರೆಗೆ ಸೆಲ್ಯೂಟ್ ಹೊಡೆಯುತ್ತಿದ್ದೆ.