ವೈಜಿನಾಥಪ್ಪನ ಜರ್ಮನ್ ಹಳ್ಳಿ

ಫೋಟೋ ಸ್ಟುಡಿಯೋದ ಪರದೆಯ ಒಂದು ತುದಿಯನ್ನು ಪಡಸಾಲೆಯ ಮೊಳೆಗೆ ಕಟ್ಟಿ, ಇನ್ನೊಂದು ತುದಿ ಹಿಡಿದು ಸ್ಟೂಲಿನ ಮೇಲೆ ನಿಂತಿದ್ದ ಪೇಂಟರ್ ಯೂಸುಫ ಅದನ್ನು ಎಳೆಯತೊಡಗಿದ. ಮಡಿಕೆ ಬಿಚ್ಚಿದಂತೆಲ್ಲ ಮೊದಲು ಹೊಳೆ ಕಂಡಿತು, ಆಮೇಲೆ ದ್ರಾಕ್ಷಿಯ ಗುಡ್ಡ, ಕೆಂಪು ಹೆಂಚಿನ ಮನೆಗಳು, ನಟ್ಟನಡುವೆ ಚೂಪು ಗೋಪುರದ ಒಂದು ಚರ್ಚು. ಪರದೆಯ ಮುಂದೆ ಒಂದು ಪಕ್ಕಕ್ಕೆ, ಸ್ಟುಡಿಯೋದ ಬೆಂಚಿನ ಮೇಲೆ, ಬೆನ್ನಿಗೆ ಹಲಗೆ ಕೊಟ್ಟು, ಗದ್ದಕ್ಕೆ ಬಿಳಿ ಅರಿವೆ ಕಟ್ಟಿ, ಹಣೆ ತುಂಬ ವಿಭೂತಿ ಬಳಿದು ವೈಜಿನಾಥಪ್ಪನನ್ನು ಕೂರಿಸಿದ್ದರು. ಭಾಲ್ಕಿಯ ಅರ್ಧ ಊರನ್ನು ಇದೇ ಬೆಂಚಿನ ಮೇಲೆ ಕೂರಿಸಿ ಫೋಟೋ ತೆಗೆದವನು ಇಂದು ತಾನೇ ಬಂದು ಕೂತಿದ್ದ. ಜೀವಮಾನವಿಡೀ ಊರಿಗೆಲ್ಲ ಕಣ್ಣು ಮುಚ್ಚಬೇಡಿ ಎಂದವನು ತಾನು ಮಾತ್ರ ಮುಚ್ಚಿಕೊಂಡಿದ್ದ.

ಪರದೆ ಕಟ್ಟಲೇಬೇಕೆಂದು ಹಟ ಹಿಡಿದವಳು ಹೆಂಡತಿ ಈರಮ್ಮ. ಬೆಳಿಗ್ಗೆ ಯಾರನ್ನೂ ಕೇಳದೆ ಟ್ರಂಕಿನಿಂದ ತಾನೇ ಎಳೆದು ತಂದಿದ್ದಳು. ಅಳು ಇನ್ನೂ ಬಂದಿರಲಿಲ್ಲ.

ಮೈದುನ ಶಿವರಾಜಪ್ಪನಿಗೆ ಇದು ಸರಿಬರಲಿಲ್ಲ. "ವೈನಿ, ಒಂದು ಬಿಳಿ ಚಾದರ ಕಟ್ಟಿದ್ರ ಸಾಕಿತ್ತು. ಮಠದ ಅಯ್ನೋರು ಬಂದು ಹಿಂದ ಚರ್ಚ್ ನೋಡಿದ್ರ ಏನಂತಾರ್ರಿ?"

ಈರಮ್ಮ ಪರದೆಯ ಸುಕ್ಕು ಸವರುತ್ತಲೇ ಇದ್ದಳು. ಅವನೇ ದಾರಿ ಹುಡುಕಿದ. ಅಣ್ಣನ ತಲೆ ಗೋಪುರಕ್ಕೆ ಅಡ್ಡ ಬರುವ ಹಾಗೆ ಬೆಂಚನ್ನು ನಡುವಿಗೆ ಸರಿಸಲು ಹೇಳಿದ. ನಾಲ್ಕು ಜನ ಸರಿಸಿದರು. ಚರ್ಚು ಮರೆಯಾಯಿತು, ಅದರ ಮೆಟ್ಟಿಲೂ ಮರೆಯಾಯಿತು. ಈರಮ್ಮ ಈ ಕಡೆಯಿಂದ ಬಗ್ಗಿ ನೋಡಿದಳು, ಆ ಕಡೆಯಿಂದ ಬಗ್ಗಿ ನೋಡಿದಳು. ಅವಳಿಗೆ ಬೇಕಾದದ್ದು ಕಾಣಲಿಲ್ಲ.

* * *

ಸ್ಟುಡಿಯೋ ತೆರೆದಾಗ ಔಷಧಿ ಕಂಪನಿಯವನೊಬ್ಬ ಕೊಟ್ಟ ಕ್ಯಾಲೆಂಡರಿನಲ್ಲಿ ಆ ಹಳ್ಳಿಯಿತ್ತು. ಅದರ ಹೆಸರು ಯಾರಿಗೂ ಓದಲು ಬರಲಿಲ್ಲ, ಜರ್ಮನಿಯದೆಂದಷ್ಟೇ ತಿಳಿಯಿತು. ಯೂಸುಫ ಅದನ್ನು ಗೋಡೆಯಷ್ಟು ದೊಡ್ಡದಾಗಿ ಬರೆದುಕೊಟ್ಟ. ಮಾಂಜ್ರಾ ಬಿಟ್ಟರೆ ಬೇರೆ ಹೊಳೆ ಕಾಣದವನು, ನೀರಿಗೆ ಮಾಂಜ್ರಾದ ಮಣ್ಣಿನ ಬಣ್ಣವನ್ನೇ ಹಚ್ಚಿದ. ಗುಡ್ಡದ ದ್ರಾಕ್ಷಿ ಸಾಲು ತೊಗರಿ ಸಾಲಿನಂತಾಯಿತು. ಠಾಣಾ ಕುಶನೂರಿನಿಂದ ಬಂದ ಬೀಗರು ಫೋಟೋ ಮರೆತು, ಈ ಸಲ ಬೆಳೆ ಭರ್ಜರಿ ಎಂದು ತಲೆದೂಗಿದ್ದರು.

ಬಿಗಿದ ಮುಖಗಳನ್ನು ಸಡಿಲಿಸಲು ವೈಜಿನಾಥಪ್ಪ ಕ್ಯಾಮೆರಾದ ಹಿಂದಿನಿಂದ ಬಸ್ ಕಂಡಕ್ಟರನ ದನಿ ತೆಗೆಯುತ್ತಿದ್ದ. "ಔರಾದ, ಔರಾದ, ಔರಾದ ಮ್ಯಾಲ ಜರ್ಮನಿ! ಯಾರ್ರಿ ಜರ್ಮನಿ?" ಬಾಗಿಲಲ್ಲಿ ಆಡುತ್ತಿದ್ದ ಮಗಳು ಈಶ್ವರಿ, ಕೆಂಪು ಫ್ರಾಕಿನ, ನಿಂತಲ್ಲಿ ನಿಲ್ಲದ ಹುಡುಗಿ, ಪ್ರತಿಸಲವೂ ಕೈ ಎತ್ತಿ ಕೂಗುತ್ತಿದ್ದಳು. "ನಂದೊಂದು ಹಾಫ್ ಟಿಕೀಟ್!"

ರೀಲಿನ ಕಡೆಯ ಫೋಟೋ ಅವಳದೇ ಎಂದು ಅಪ್ಪ ಮಾತು ಕೊಟ್ಟಿದ್ದ. ಪ್ರತಿ ರೀಲಿಗೂ ಕೊಟ್ಟಿದ್ದ. ಆದರೆ ಕಡೆಯದೊಂದು ಉಳಿದಾಗಲೆಲ್ಲ ಯಾರೋ ಅವಸರದ ಗಿರಾಕಿ ಬಂದು ಕೂರುತ್ತಿದ್ದ. ಮನೆಯ ಹುಡುಗಿ, ಎಲ್ಲಿಗೆ ಹೋಗುತ್ತಾಳೆ?

ಜ್ವರ ಬಂತು. ಬೀದರಿಗೆ ಒಯ್ದರು. ತಿರುಗಿ ತರುವಾಗ ಚಾದರದಲ್ಲಿ ಸುತ್ತಿ ತಂದರು. ಆಮೇಲೆ ಆ ಮನೆಯಲ್ಲಿ ಅವಳ ಹೆಸರನ್ನು ಇಬ್ಬರೂ ತೆಗೆಯಲಿಲ್ಲ. ತೆಗೆದು ನೋಡಲು ಒಂದು ಫೋಟೋ ಕೂಡ ಇರಲಿಲ್ಲ.

ಆ ಮಳೆಗಾಲದಲ್ಲೊಮ್ಮೆ ಸ್ಟುಡಿಯೋ ಗುಡಿಸುತ್ತಿದ್ದ ಈರಮ್ಮನ ಕೈ ನಿಂತುಬಿಟ್ಟಿತು. ಪರದೆಯಲ್ಲಿ, ಚರ್ಚಿನ ಮೆಟ್ಟಿಲ ಮೇಲೆ, ಬೆರಳುದ್ದದ ಹುಡುಗಿ. ಕೆಂಪು ಫ್ರಾಕು. ಬಣ್ಣ ಇನ್ನೂ ಹಸಿ ವಾಸನೆ ಬೀರುತ್ತಿತ್ತು. ಒಂದು ಕೈ ಮೇಲೆತ್ತಿದ್ದಳು. ಈರಮ್ಮ ಕಂಡದ್ದನ್ನು ಗಂಡನಿಗೆ ಹೇಳಲಿಲ್ಲ, ಅವನೂ ಬರೆದದ್ದನ್ನು ಇವಳಿಗೆ ಹೇಳಲಿಲ್ಲ. ಅಂದಿನಿಂದ ಅವನ ಬಾಯಲ್ಲಿ ಕಂಡಕ್ಟರು ಸತ್ತುಹೋದ. ಹೊಸದೊಂದು ಮಾತು ಹುಟ್ಟಿಕೊಂಡಿತು: ಜರಾ ಎಡಕ್ಕ ಸರೀರಿ.

* * *

ಔರಾದದಿಂದ ಬಂದಿದ್ದ ಹಳೆಯ ಗಿರಾಕಿ ಶಾಲುಬಾಯಿ ಕಣ್ಣೊರೆಸಿಕೊಳ್ಳುತ್ತ ಅದನ್ನೇ ಹೇಳುತ್ತಿದ್ದಳು. "ನಮ್ಮ ಮದಿವಿ ಫೋಟೋದಾಗ ನಮ್ಮ ಮನಿಯವರದೊಂದು ಕಿವಿನೇ ಇಲ್ಲ ನೋಡ್ರಿ. ಜರಾ ಎಡಕ್ಕ ಸರೀರಿ, ಇನ್ನೂ ಜರಾ, ಅಂತ ಸರಸಿ ಸರಸಿ ಫೋಟೋದ ಹೊರಗೇ ದೂಡಿಬಿಟ್ಟಿದ್ರು, ಪುಣ್ಯಾತ್ಮರು."

ಮೂಗಿನಲ್ಲಿ ಎಳೆದ ಆ ರಾಗ ತೀರಾ ವೈಜಿನಾಥಪ್ಪನದೇ ಆಗಿತ್ತು. ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕರು. ಈರಮ್ಮ ಮಾತ್ರ ಗಂಡ ಕರೆದನೆಂದೇ ತಿರುಗಿ ನೋಡಿದಳು. ನೋಡಿದವಳು ಎದ್ದು ನಿಂತಳು.

"ಅವರನ್ನ ಜರಾ ಎಡಕ್ಕ ಸರಸ್ರಿ."

ಅವಳೂ ಗಂಡನ ನಕಲು ಮಾಡುತ್ತಿದ್ದಾಳೆಂದು ಒಂದಿಬ್ಬರು ಮುಗುಳ್ನಕ್ಕರು. ಶಿವರಾಜಪ್ಪ ನಗಲಿಲ್ಲ. "ಸರಸಿದ್ರ ಚರ್ಚ್ ಕಾಣ್ತದ, ವೈನಿ. ಅಯ್ನೋರು ಓಣಿಗಿ ಬಂದಾರ."

"ಕಾಣಲಿ. ಅಲ್ಲಿ ನಮ್ಮ ಈಶ್ವರಿ ನಿಂತಾಳ."

ಎಷ್ಟೋ ಕಾಲದ ಮೇಲೆ ಆ ಹೆಸರು ಆ ಪಡಸಾಲೆಯಲ್ಲಿ ಕೇಳಿಸಿತು. ಮೂಲೆಯಲ್ಲಿ ಕೂತಿದ್ದ ಭಜನೆಯವರ ತಾಳ ತಪ್ಪಿ ನಿಂತಿತು. ಯೂಸುಫ ಎದ್ದು ಬಂದು, ಗೆಳೆಯನ ಭುಜಕ್ಕೂ ಪರದೆಗೂ ನಡುವೆ ಮೆಲ್ಲಗೆ ತಲೆ ತೂರಿಸಿ ಇಣುಕಿದ. ಬಹಳ ಹೊತ್ತು ತಲೆ ಹೊರಗೆ ತೆಗೆಯಲಿಲ್ಲ.

"ಭಾಬಿ, ಇದು ನಾ ಬರದಿದ್ದಲ್ಲ," ಎಂದ ಕೊನೆಗೆ. "ಒಂದ್ಸಲ ಇಂವ ಬಾಟಲಿ ಮುಚ್ಚಳದಾಗ ಕೆಂಪು ಬಣ್ಣ ಬೇಡಿ ಒಯ್ದಿದ್ದ. ಬೋರ್ಡ್ ತಿದ್ದಬೇಕು ಅಂದಿದ್ದ."

ಅಯ್ನೋರ ಪಾದುಕೆಯ ಸದ್ದು ಅಂಗಳದಲ್ಲಿ ಕೇಳಿತು. ಶಿವರಾಜಪ್ಪ ಬಾಗಿಲ ಕಡೆ ಒಮ್ಮೆ, ಅತ್ತಿಗೆಯ ಕಡೆ ಒಮ್ಮೆ ನೋಡಿದ. ಆಮೇಲೆ ಹೆಗಲ ಮೇಲಿನ ಟವೆಲು ಸೊಂಟಕ್ಕೆ ಬಿಗಿದು, ತಾನೇ ಬಗ್ಗಿ ಬೆಂಚಿಗೆ ಕೈ ಹಾಕಿದ.

ಬೆಂಚು ಕಿರ್ರೆಂದು ಸರಿಯಿತು. ಗೋಪುರ ಹೊರಬಂತು, ಮೆಟ್ಟಿಲು ಹೊರಬಂತು. ವೈಜಿನಾಥಪ್ಪನ ಬಲಭುಜದ ಮಗ್ಗುಲಲ್ಲಿ ಕೆಂಪು ಫ್ರಾಕಿನ ಹುಡುಗಿ ಕೈ ಎತ್ತಿಕೊಂಡು ನಿಂತಿದ್ದಳು.

ಈರಮ್ಮ ಹೋಗಿ ಬೆಂಚಿನ ಮೇಲೆ ಗಂಡನ ಬಲಕ್ಕೆ ಕೂತಳು. ಸೆರಗು ಸರಿಮಾಡಿಕೊಂಡಳು. ಒಮ್ಮೆ ಹಿಂತಿರುಗಿ ನೋಡಿ, ಮಗಳಿಗೆ ಮರೆಯಾಗದಂತೆ, ಜರಾ ಎಡಕ್ಕೆ ಸರಿದು ಅವನಿಗೆ ಒತ್ತಿಕೊಂಡು ಕೂತಳು.