ಗೋಡೆಯಾಚೆಗೊಂದು ಸೋಪು

ನಾನು ಕೂರುವ ಜಾಗ ಗಡಿಯ ಮೇಲಿದೆ. ಎಡಕ್ಕೆ ಹೆಂಗಸರ ಬಾಗಿಲು, ಬಲಕ್ಕೆ ಗಂಡಸರ ಬಾಗಿಲು, ನಡುವೆ ಎತ್ತರದ ಪೀಠದಲ್ಲಿ ಕಾಸು ಇಸಕೊಳ್ಳುತ್ತ ನಾನು. ಎರಡೂ ಕಡೆಯವರು ಬಟ್ಟೆ ಬಿಚ್ಚಿಡುವುದು, ತೂಕದ ಯಂತ್ರ ಹತ್ತಿ ಮುಖ ಸಿಂಡರಿಸುವುದು, ಗಾಜಿನ ಬಾಗಿಲು ಸರಿಸಿ ಹಬೆಯೊಳಗೆ ಕರಗಿ ಹೋಗುವುದು, ಎಲ್ಲ ನನಗೆ ಕಾಣುತ್ತದೆ. ನಮ್ಮ ಕೇರಿಯ ಯಾವ ಗಂಡಸೂ ನನ್ನೆದುರು ದೊಡ್ಡಸ್ತಿಕೆ ತೋರಿಸುವುದಿಲ್ಲ. ತೋರಿಸುವುದಕ್ಕೆ ಇನ್ನೇನು ಉಳಿದಿದೆ ಹೇಳಿ.

ಟೋಕಿಯೋದ ಪೂರ್ವದಂಚಿನಲ್ಲಿ, ಕಾಲುವೆಯ ಪಕ್ಕ, ಕೇರಿಯವರೆಲ್ಲ ಮೀಯಲು ಬರುವ ನಮ್ಮ ಅಸಾಗಿರಿ ಬಚ್ಚಲುಮನೆ. ಮಾವ ತೊಕುಜಿಯವರ ತಂದೆ ಕಟ್ಟಿಸಿದ್ದು. ಒಳಗೆ ಗಂಡಸರ ತೊಟ್ಟಿಗೂ ಹೆಂಗಸರ ತೊಟ್ಟಿಗೂ ನಡುವೆ ಒಂದೇ ಗೋಡೆ. ಅದು ಮಾಡಿನವರೆಗೆ ಹೋಗದೆ ಅರ್ಧಕ್ಕೇ ನಿಂತಿದೆ. ಹಿಂಬದಿಯ ಗೋಡೆಯ ಮೇಲೆ ಉದ್ದಕ್ಕೂ ಫೂಜಿ ಬೆಟ್ಟದ ಚಿತ್ರವಿದೆ. ಶಿಖರವೆಲ್ಲ ಗಂಡಸರ ಪಾಲಿಗೆ ಬಂದು ನಮ್ಮ ಪಾಲಿಗೆ ಬರೀ ತಪ್ಪಲು ಸಿಕ್ಕಿದೆ. ಚಿತ್ರ ಬರೆದವನು ಗಂಡಸು, ಅವನನ್ನು ಕೇಳಿ ಏನು ಪ್ರಯೋಜನ.

ಅರ್ಧ ಗೋಡೆಯಿಂದ ಒಂದು ಅನುಕೂಲವಿತ್ತು. ಹಿಂದೆ ಗಂಡ ಹೆಂಡತಿ ಒಂದೇ ಸೋಪು ಹಿಡಿದು ಬರುತ್ತಿದ್ದರು. ಒಬ್ಬರದು ಮುಗಿದ ಮೇಲೆ ಸೋಪು ಗೋಡೆ ದಾಟಿ ಹಾರಿಹೋಗುತ್ತಿತ್ತು. ಎದ್ದು ಹೊರಡುವಾಗ ಇಬ್ಬರೂ ಒಟ್ಟಿಗೆ ಹೊರಬರಬೇಕಲ್ಲ, ಅದಕ್ಕೆ ಈ ಕಡೆಯಿಂದ "ನಾನು ಎದ್ದೆ!" ಎಂದು ಕೂಗಬೇಕು, ಆ ಕಡೆಯಿಂದ ಉತ್ತರ ಬರಬೇಕು. ಬಾಗಿಲು ಹಾಕಿದ ಮೇಲೆ ಮಾವ ಅತ್ತೆ ದಿನಾ ಹೀಗೇ ಸ್ನಾನ ಮಾಡುತ್ತಿದ್ದರು. "ಕಿನೂ, ಸೋಪು!" ಎಂದು ಮಾವ ಗುಡುಗಿದರೆ ಅತ್ತೆ "ಹಿಡೀರಿ!" ಎನ್ನುವ ಮೊದಲೇ ಎಸೆದಾಗಿರುತ್ತಿತ್ತು. "ನಾನು ಎದ್ದೆ!" ಎಂದರೆ "ಒಂದ್ನಿಮಿಷ!" ಎನ್ನುತ್ತಿದ್ದರು. ಆ ಒಂದು ನಿಮಿಷ ಮುಗಿಯುವ ಹೊತ್ತಿಗೆ ಮಾವ ಚಪ್ಪಲಿ ಗೂಡಿನ ಹತ್ತಿರ ನಿಂತು ಊರಿನವರಿಗೆಲ್ಲ ಬೈದು ಮುಗಿಸಿರುತ್ತಿದ್ದರು.

ಒಡವೆಗೂ ರೇಷ್ಮೆಗೂ ನಾನು ಅತ್ತೆಯ ಮೇಲೆ ಹೊಟ್ಟೆಕಿಚ್ಚು ಪಟ್ಟವಳಲ್ಲ. ಆ ಕೂಗಿಗೆ ಪಟ್ಟಿದ್ದೇನೆ. ನನ್ನ ಗಂಡ ಸರಕು ಹಡಗಿನಲ್ಲಿ ಅಡುಗೆಯವನು. ಒಳ್ಳೆಯವನೇ, ಆದರೆ ಇರುವುದೆಲ್ಲ ನೀರಿನ ಮೇಲೆ. ಮದುವೆಯಾಗಿ ಇಷ್ಟು ವರ್ಷ ಇದೇ ಬಚ್ಚಲಿನಲ್ಲಿ ಮುಳುಗಿ ಎದ್ದರೂ ಆ ಗೋಡೆಯಾಚೆಯಿಂದ ಯಾರೂ ನನ್ನ ಹೆಸರು ಕೂಗಿರಲಿಲ್ಲ.

ಹೋದ ವಸಂತದಲ್ಲಿ ಅತ್ತೆ ತೀರಿಕೊಂಡರು. ಅಲ್ಲಿಂದ ಮಾವ ಮೈಗೆ ನೀರು ಸೋಕಿಸಿ ಬೆಕ್ಕಿನ ಹಾಗೆ ಸದ್ದಿಲ್ಲದೆ ಹೊರಟುಬಿಡುತ್ತಿದ್ದರು. ಎಲೆ ಉದುರುವ ಹೊತ್ತಿಗೆ ಒಂದು ದಿನ, ವರ್ಷದ ಕೊನೆಗೆ ಒಲೆ ಆರಿಸಿಬಿಡುತ್ತೇನೆ ಎಂದರು. ಕೆಡವಿದ ಮನೆಗಳ ಮರ ಒಲೆಗೆ ತಂದು ಹಾಕುವವನಿಗೆ ಹೊಸ ವರ್ಷಕ್ಕೆ ಬರಬೇಡ ಎಂದು ಹೇಳಿಯೂ ಆಗಿತ್ತು.

"ಜನ ಎಲ್ಲಿದಾರಮ್ಮ?" ಎಂದರು. "ಎಲ್ಲರ ಮನೇಲೂ ಗುಂಡಿ ಒತ್ತಿದ್ರೆ ಬಿಸಿನೀರು ಬರುತ್ತೆ. ನಾನು ಯಾರಿಗೆ ಅಂತ ಬೆಂಕಿ ಹಾಕ್ಲಿ?"

ನನಗೆ ಹಾಕಿ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡು, "ಯುಜು ಹಣ್ಣಿನ ಸ್ನಾನದ ದಿನ ಮನೆಮಂದಿಗೆಲ್ಲ ಬಿಟ್ಟಿ ಬಿಡೋಣ ಮಾವ. ಮಕ್ಕಳನ್ನ ಕರ್ಕೊಂಡು ಬಂದೋರಿಗೆಲ್ಲ ಸ್ನಾನ ಪುಕ್ಕಟೆ, ಮಕ್ಕಳಿಗೆ ಒಂದೊಂದು ಬಾಟ್ಲಿ ಹಾಲು," ಎಂದೆ.

"ಬಿಟ್ಟಿ ಅಂದ್ರೆ ಬೆಕ್ಕೂ ಸ್ನಾನಕ್ಕೆ ಬರುತ್ತೆ. ಮಾರನೇ ದಿನ ಯಾರು ಬರ್ತಾರೆ?"

"ಮಾರನೇ ದಿನದ್ದು ಮಾರನೇ ದಿನ ನೋಡೋಣ."

ಅವರು ಕೈಯ ಮಸಿ ಒರೆಸಿಕೊಂಡರು. "ಆಯ್ತು. ಒಲೆ ಹತ್ರ ಕೂತು ಕೇಳ್ತೀನಿ. ಬಚ್ಚಲು ಬಚ್ಚಲಿನ ಥರ ಕೇಳಿಸಿದ್ರೆ ಮರದವನಿಗೆ ಬಾ ಅಂತೀನಿ. ಇಲ್ಲಾಂದ್ರೆ ವರ್ಷದ ಕೊನೆಗೂ ಕಾಯಲ್ಲ, ಅವತ್ತೇ ಕೊನೆ. ಆಮೇಲೆ ನೀನು ಅಳೋ ಹಾಗಿಲ್ಲ."

"ನಾನ್ಯಾಕೆ ಅಳ್ಲಿ?" ಎಂದೆ. ಆಗಲೇ ಅಳು ಬಂದಿತ್ತು.

ಕರಪತ್ರ ನಾನೇ ಬರೆದೆ. ಮೇಲೊಂದು ಚಿತ್ರ ಬಿಡಿಸಿದೆ. ಮಾವ ಕನ್ನಡಕ ಹಾಕಿಕೊಂಡು ನೋಡಿದರು.

"ಈ ಕೋಳಿ ಯಾಕೆ ನೀರಲ್ಲಿ ಬಿದ್ದಿದೆ?"

"ಅದು ಬಾತುಕೋಳಿ ಮಾವ."

"ಪಾಪ," ಎಂದು ವಾಪಸ್ ಕೊಟ್ಟರು.

ಕಾಲುವೆಯ ಆಚೆ ಹೊಸದಾಗಿ ಎದ್ದಿರುವ ಎತ್ತರದ ಕಟ್ಟಡಗಳಲ್ಲಿ ಹಂಚಿ ಬಂದೆ. ಅಲ್ಲಿಯ ಎಳೆಯ ತಾಯಂದಿರು ಎರಡೂ ಕೈಯಲ್ಲಿ ಇಸಕೊಂಡು ಬಗ್ಗಿ ನಮಸ್ಕರಿಸಿದರು. ಒಬ್ಬಳಂತೂ ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು, "ನಮಗೆ ಪದ್ಧತಿ ಗೊತ್ತಿಲ್ಲ, ಏನಾದ್ರೂ ತಪ್ಪಾದ್ರೆ?" ಎಂದಳು. ಒಗಾತಾ ಎನ್ನುವವರ ಮನೆ. ಪಾಪ, ಹೆದರಿದ್ದಾರೆ ಎನಿಸಿ ಮನೆಗೆ ಬಂದು ದೊಡ್ಡ ಹಾಳೆಯಲ್ಲಿ ಪದ್ಧತಿ ಬರೆದು ಎರಡೂ ಬಾಗಿಲಿಗೆ ಅಂಟಿಸಿದೆ. ಮೈ ತೊಳೆದುಕೊಂಡೇ ತೊಟ್ಟಿಗಿಳಿಯಿರಿ, ಟವೆಲ್ ನೀರಿಗೆ ಅದ್ದಬೇಡಿ, ಓಡಬೇಡಿ. ಹಳೆಯ ಗಿರಾಕಿಗಳಿಗೆ ಬೇಜಾರಾಗಬಾರದೆಂದು ಕೊನೆಗೆ ಕೆಂಪು ಅಕ್ಷರದಲ್ಲಿ ಇನ್ನೊಂದು ಸಾಲು ಸೇರಿಸಿದೆ: ದಯವಿಟ್ಟು ಗದ್ದಲ ಮಾಡಬೇಡಿ.

ಚಳಿಗಾಲದ ಅತಿ ಗಿಡ್ಡ ಹಗಲು ಅದು. ಮಧ್ಯಾಹ್ನವೇ ಬಾಗಿಲು ತೆರೆದೆವು. ತೊಟ್ಟಿಗಳ ತುಂಬ ಯುಜು ಹಣ್ಣು ತೇಲಿಬಿಟ್ಟಿದ್ದೆ. ಹೇರಳೆಕಾಯಿಯ ಪುಟ್ಟ ತಂಗಿಯಂಥ ಹಣ್ಣು, ಮೈಯೆಲ್ಲ ಒರಟು, ವಾಸನೆ ಮಾತ್ರ ಬಿಸಿನೀರು ಸೋಕಿದ ಕೂಡಲೇ ಏಳುತ್ತದೆ. ಮಾಡಿನ ಕಿಟಕಿಗಳಿಂದ ಬಿಸಿಲು ಹಬೆಯೊಳಗಿಳಿದು ಅಲ್ಲೇ ದಾರಿ ತಪ್ಪಿದಂತೆ ನಿಂತುಬಿಟ್ಟಿತ್ತು. ನೀರು ಯಾವುದು, ಬೆಳಕು ಯಾವುದು ಎಂದು ತಿಳಿಯುತ್ತಿರಲಿಲ್ಲ. ಬೆಟ್ಟ ಮಸುಕಾಗಿ, ಮತ್ತೆ ಮೂಡಿ, ಮತ್ತೆ ಮಸುಕಾಗುತ್ತಿತ್ತು.

ಜನ ಬಂದರು. ಬಂದೇ ಬಂದರು. ಚಪ್ಪಲಿ ಗೂಡು ತುಂಬಿ ಪುಟ್ಟ ಪುಟ್ಟ ಶೂಗಳು ನೆಲದ ಮೇಲೂ ಸಾಲಾದವು. ಗಂಡ ಬಲಕ್ಕೆ, ಹೆಂಡತಿ ಮಕ್ಕಳು ಎಡಕ್ಕೆ. ಎಲ್ಲರೂ ಬಾಗಿಲ ಮುಂದೆ ನಿಂತು ನನ್ನ ಹಾಳೆಯನ್ನು ಪರೀಕ್ಷೆಗೆ ಓದುವವರ ಹಾಗೆ ಓದಿದರು. ಆಮೇಲೆ ಒಳಗೆ ಹೋದರು. ಆಮೇಲೆ ಏನೂ ಕೇಳಿಸಲಿಲ್ಲ.

ನೀರು ಸುರಿದುಕೊಳ್ಳುವಾಗಲೂ ಬಕೆಟ್ಟನ್ನು ನೆಲಕ್ಕೆ ಸದ್ದಾಗದಂತೆ ಇಡುತ್ತಿದ್ದರು. ಮಕ್ಕಳು ಬಾಯಿ ತೆರೆದರೆ ತಾಯಂದಿರು ತುಟಿಗೆ ಬೆರಳಿಡುತ್ತಿದ್ದರು. ನಮ್ಮ ಹಳೆಯ ಗಿರಾಕಿಗಳು ಹೊಸಬರಿಗೆ ತೊಂದರೆಯಾಗಬಾರದೆಂದು ಬಾಯಿ ಮುಚ್ಚಿಕೊಂಡಿದ್ದರು. ಹೊಸಬರು ಹಳಬರಿಗೆ ತೊಂದರೆಯಾಗಬಾರದೆಂದು ಉಸಿರನ್ನೂ ಹಿಡಿದಿದ್ದರು. ನಿದ್ದೆಯಲ್ಲೂ ಮಾತು ನಿಲ್ಲಿಸದ ಹಮಾದಾ ಅಜ್ಜಿ ಕೂಡ ಗಲ್ಲದವರೆಗೆ ಮುಳುಗಿ ಕೂತು, ಹೇಳಬೇಕಾದ್ದನ್ನೆಲ್ಲ ಒಳಗೇ ತಡೆದು ಮುಖ ಕೆಂಪು ಮಾಡಿಕೊಂಡಿದ್ದಳು. ಮೆಲ್ಲನೆ ಬಾಗಿಲು ಸರಿಸಿ, "ತೊಮೊಯೋ, ಯಾರಾದ್ರೂ ಹೋಗಿಬಿಟ್ರೇನೇ?" ಎಂದು ಪಿಸುಗುಟ್ಟಿದಳು.

"ಯಾರೂ ಇಲ್ಲ ಅಜ್ಜಿ, ಬಿಟ್ಟಿ ಸ್ನಾನ."

"ಅಯ್ಯೋ, ನಾನು ಎದ್ದು ನಮಸ್ಕಾರ ಮಾಡೋದಾ ಬೇಡ್ವಾ ಅಂತ ಯೋಚ್ನೆ ಮಾಡ್ತಿದ್ದೆ."

ಮನೆ ತುಂಬ ಜನ, ಆದರೆ ಒಲೆಯ ಹಿಂದೆ ಕೂತು ಕಿವಿಗೊಟ್ಟಿರುವ ಮಾವನಿಗೆ ಏನು ಕೇಳಿಸುತ್ತಿದೆ? ಹಬೆ ನೋಡುತ್ತ ನೋಡುತ್ತ ಕಣ್ಣು ಮಂಜಾಯಿತು. ಅಲ್ಲಿ ತಿರುಗಿ ಕೂತಿದ್ದ ಬೆನ್ನುಗಳೆಲ್ಲ ಅತ್ತೆಯ ಬೆನ್ನಿನ ಹಾಗೇ ಕಂಡವು. ಒಂದು ಬೆನ್ನು ಈಗ ತಿರುಗುತ್ತದೆ, ಅತ್ತೆ ಹುಬ್ಬು ಹಾರಿಸುತ್ತಾರೆ, ಎಂಥಾ ಕೆಲಸ ಮಾಡಿದೆಯೇ ಹುಡುಗಿ ಎಂದು ನಗುತ್ತಾರೆ ಎಂದುಕೊಂಡು ಕಾಯುತ್ತ ಕೂತೆ. ಯಾವ ಬೆನ್ನೂ ತಿರುಗಲಿಲ್ಲ.

ಮಸಿ ಮೆತ್ತಿದ ಮಾವ ಬಾಗಿಲಲ್ಲಿ ನಿಂತಿದ್ದರು.

"ಯಾರೂ ಬಂದಿಲ್ವಾ?"

"ತುಂಬಿ ಹೋಗಿದೆ ಮಾವ."

"ಮತ್ಯಾಕೆ ಸಾವಿನ ಮನೆ ಥರ ಇದೆ?" ಎಂದರು. ಆಮೇಲೆ ಹಾಳೆಯ ಹತ್ತಿರ ಹೋಗಿ ಓದಿದರು. ಕೆಂಪು ಸಾಲಿನ ಹತ್ತಿರ ಅವರ ಬೆರಳು ನಿಂತಿತು. "ಇದನ್ನ ಬರೆದೋರು ಯಾರು?"

ಬಾತುಕೋಳಿಯನ್ನು ಕೋಳಿ ಮಾಡಿದವಳು ಬಚ್ಚಲನ್ನು ಆಸ್ಪತ್ರೆ ಮಾಡಿದ್ದೆ. ಮಾವ ಏನೂ ಬೈಯಲಿಲ್ಲ, ಅದೇ ಹೆಚ್ಚು ಚುಚ್ಚಿತು. "ಸರಿ. ಕೊನೇ ದಿನ ಅಂದ ಮೇಲೆ ನಾನೂ ಮಿಂದುಬಿಡ್ತೀನಿ," ಎಂದು ಬಟ್ಟೆ ಬಿಚ್ಚಿ ಒಳಗೆ ಹೋದರು. ಹಗಲು ಹೊತ್ತಿನಲ್ಲಿ, ಜನರ ನಡುವೆ ಅವರು ಸ್ನಾನಕ್ಕೆ ಕೂತಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಗೋಡೆಯ ಬುಡದಲ್ಲಿ ಅವರ ಹಳೆಯ ಜಾಗ. ಗಿಡ್ಡ ಸ್ಟೂಲಿನ ಮೇಲೆ ಕೂತು ತಲೆಯ ಮೇಲೆ ನೀರು ಸುರಿದುಕೊಂಡರು. ಕಣ್ಣು ಮುಚ್ಚಿತ್ತು. ನೀರು ಇಳಿಯುತ್ತಿರುವಾಗಲೇ ಒಂದು ಕೈ ತಾನಾಗಿ ಮೇಲೆದ್ದು, ಗೋಡೆಯ ಕಡೆ ತೆರೆದುಕೊಂಡಿತು.

"ಏಯ್, ಸೋಪು!"

ಕೂಗಿ ಬಿಟ್ಟ ಮೇಲೆ ಅವರಿಗೇ ತಿಳಿಯಿತು. ಆ ಕೈಯನ್ನು ಕೆಳಗಿಳಿಸುವುದಕ್ಕೂ ಆಗದೆ, ಮೇಲೆ ಇಡುವುದಕ್ಕೂ ಆಗದೆ ಹಾಗೇ ಕೂತರು. ಎರಡೂ ಕಡೆ ಒಂದು ಹನಿಯೂ ಬೀಳಲಿಲ್ಲ. ಹಮಾದಾ ಅಜ್ಜಿ ಬಾಯಿಗೆ ಕೈಯಿಟ್ಟುಕೊಂಡಳು. ದೇವರೇ, ಈ ಮುದುಕನ ಕೈ ಹೀಗೆ ಖಾಲಿ ಇಳಿಯದಿರಲಿ ಎಂದು ನಾನು ಬೇಡಿಕೊಂಡೆ.

"ಯಾವ ಸೋಪು?" ಎಂದಿತು ಹೆಂಗಸರ ಕಡೆಯಿಂದ ಒಂದು ಪುಟ್ಟ ದನಿ. "ನಮ್ಹತ್ರ ಸ್ಟ್ರಾಬೆರಿದು ಮಾತ್ರ ಇದೆ. ಪರ್ವಾಗಿಲ್ವಾ?"

"ಮಿನೋರೀ! ಶ್!" ಒಗಾತಾ ಅವರ ಹೆಂಡತಿ.

ಮಾವ ಇನ್ನೊಂದು ಕೈಯಿಂದ ಮುಖದ ನೀರು ಒರೆಸಿಕೊಂಡರು. "ಪರ್ವಾಗಿಲ್ಲ," ಎಂದರು. "ಎಸಿ."

ಗುಲಾಬಿ ಬಣ್ಣದ ಸೋಪು ಗೋಡೆ ಹತ್ತಲಾರದೆ ಎರಡು ಸಲ ವಾಪಸ್ ಬಿತ್ತು. ಮೂರನೆಯ ಸಲ ಹಮಾದಾ ಅಜ್ಜಿ, ಎಂಬತ್ತು ದಾಟಿದವಳು, ಎದ್ದು ನಿಂತು ತೋಳು ಬೀಸಿದಳು. ಸೋಪು ಬೆಳಕಿನಲ್ಲಿ ಮಿನುಗುತ್ತ ಬೆಟ್ಟದ ಶಿಖರ ದಾಟಿ ಹೋಗಿ, ಮಾವನ ಕೈ ತಪ್ಪಿ, ಯಾರದೋ ಬೋಳು ತಲೆಗೆ ಬಡಿಯಿತು.

"ಅಯ್ಯಪ್ಪಾ!"

"ಅಪ್ಪಾ! ಅದು ನೀನಾ? ನೀನೂ ಇಲ್ಲೇ ಇದ್ಯಾ?" ಮಿನೋರಿ ಕಿರುಚಿದಳು.

"ಇನ್ನೆಲ್ಲಿ ಇರ್ಲಿ ಮಗಳೇ!" ಎಂದ ಒಗಾತಾ ತಲೆ ಉಜ್ಜಿಕೊಳ್ಳುತ್ತ.

ಅಷ್ಟೇ. ಕಟ್ಟೆ ಒಡೆಯಿತು. ಹತ್ತಾರು ಮಕ್ಕಳು ಗೋಡೆಯತ್ತ ಮುಖ ಮಾಡಿ ಅಪ್ಪಂದಿರನ್ನು ಕರೆದರು. ಅಪ್ಪಂದಿರು ಓಗೊಟ್ಟರು. ಯಾವ ಅಪ್ಪ ಯಾರಿಗೆ ಓಗೊಡುತ್ತಿದ್ದಾನೆ ಎಂದು ಯಾರಿಗೂ ತಿಳಿಯಲಿಲ್ಲ. "ರೀ, ಮಗೂ ಚಡ್ಡಿ ನಿಮ್ಮ ಚೀಲದಲ್ಲಿದೆ!" ಎಂದು ಒಬ್ಬಳು ಲೋಕಕ್ಕೆಲ್ಲ ಸಾರಿದಳು. ಯುಜು ಹಣ್ಣುಗಳು ಗೋಡೆ ದಾಟಿ ಹಾರತೊಡಗಿದವು. ಹಮಾದಾ ಅಜ್ಜಿ ತಡೆದಿಟ್ಟ ಮಾತನ್ನೆಲ್ಲ ಒಗಾತಾ ಅವರ ಹೆಂಡತಿಯ ಬೆನ್ನು ಉಜ್ಜುತ್ತ ಹೊರಹಾಕಿದಳು. ಸದ್ದು ಮಾಡಿಗೆ ಬಡಿದು, ಹಬೆಯಲ್ಲಿ ಒದ್ದೆಯಾಗಿ, ಮೆತ್ತಗಾಗಿ ಕೆಳಗಿಳಿಯುತ್ತಿತ್ತು. ನಾನು ಪೀಠದಿಂದ ಇಳಿದು ಹೋಗಿ ನನ್ನ ಎರಡೂ ಹಾಳೆಗಳನ್ನು ಹರಿದು ಹಾಕಿದೆ. ಖುಷಿಯಾಯಿತು, ನಾಚಿಕೆಯೂ ಆಯಿತು.

ಮಾವ ಹೊರಗೆ ಬಂದಾಗ ಮೈಯಿಂದ ಸ್ಟ್ರಾಬೆರಿ ವಾಸನೆ ಬರುತ್ತಿತ್ತು. ನನ್ನ ಕಡೆ ನೋಡದೆ ನೇರ ಒಲೆಯ ಹತ್ತಿರ ಹೋದರು. ಮರದವನ ಮಾತೇ ಎತ್ತಲಿಲ್ಲ.

ಬಿಸಿಲು ಇಳಿಯುತ್ತಿದ್ದಂತೆ ಮನೆಗಳವರು ಒಬ್ಬೊಬ್ಬರಾಗಿ ಹೊರಟರು. ಕೆಂಪು ಕೆನ್ನೆಯ ಮಕ್ಕಳು ಹಾಲು ಕುಡಿದು ಮೀಸೆ ಮಾಡಿಕೊಂಡು, ಅಪ್ಪಂದಿರ ಹೆಗಲ ಮೇಲೆ ಅರ್ಧ ನಿದ್ದೆಯಲ್ಲಿ, ಕಾಲುವೆಯ ಸೇತುವೆ ದಾಟಿದರು. ನಾಳೆ ಬರುತ್ತಾರೋ ಇಲ್ಲವೋ, ಬಿಟ್ಟಿ ಜನ, ಯಾರು ಕಂಡವರು. ಮಿನೋರಿ ಮಾತ್ರ ಸೋಪಿನ ಡಬ್ಬಿ ನನ್ನ ಮುಂದೆ ಇಟ್ಟು, "ಇದು ಇಲ್ಲೇ ಇರ್ಲಿ. ಆ ತಾತಂಗೆ ಸೋಪೇ ಇಲ್ಲ," ಎಂದು ಹೋದಳು.

ಬಾಗಿಲು ಹಾಕಿ ಒಳಗೆ ಹೋದೆ. ದಿನಾ ಹೀಗೇ, ನಾನು ಹೆಂಗಸರ ಕಡೆ ನೆಲ ತಿಕ್ಕುತ್ತೇನೆ, ಮಾವ ಗಂಡಸರ ಕಡೆ. ಇವತ್ತು ಬ್ರಶ್ಶಿನ ಸದ್ದು ಆ ಕಡೆಯಿಂದ ಬರಲಿಲ್ಲ, ನೀರಿನ ಸದ್ದು ಬಂತು.

"ನೀರು ಇನ್ನೂ ಬಿಸಿ ಇದೆ," ಎಂದರು ಮಾವ ಗೋಡೆಯಾಚೆಯಿಂದ. "ತಿಕ್ಕೋದು ಆಮೇಲೆ. ಸ್ನಾನ ಮಾಡು ಹೋಗು."

ನಾನು ಇಳಿದೆ. ಕಿಟಕಿಗಳಲ್ಲಿ ಆಕಾಶ ನೇರಳೆಯಾಗುತ್ತಿತ್ತು. ಮಿಕ್ಕಿದ ಯುಜು ಹಣ್ಣುಗಳು ನನ್ನ ಭುಜಕ್ಕೆ ತಾಗಿ, ತಿರುಗಿ, ದೂರ ಹೋಗಿ, ಮತ್ತೆ ತಾಗುತ್ತಿದ್ದವು. ತಪ್ಪಲು ಕತ್ತಲಲ್ಲಿ ಕರಗುತ್ತಿತ್ತು. ಇದೇ ಕೊನೆಯ ನೀರಾದರೆ ಇದರಲ್ಲೇ ಇನ್ನಷ್ಟು ಹೊತ್ತು ಇದ್ದುಬಿಡೋಣ ಎಂದುಕೊಂಡೆ. ಮೈ ಹಗುರಾಗಿ, ನಾನೆಲ್ಲಿ ಮುಗಿದು ನೀರೆಲ್ಲಿ ಶುರುವಾಯಿತೋ ಮರೆತುಹೋಯಿತು.

"ತೊಮೊಯೋ!"

ನನಗೆ ಕನಸು ಎನಿಸಿತು.

"ತೊಮೊಯೋ, ನಾನು ಎದ್ದೆ!"

ಕಣ್ಣೀರು ಬಂತು, ಬಿಸಿನೀರಿಗೆ ಅದೇನೂ ಹೆಚ್ಚಾಗಲಿಲ್ಲ.

"ಕೇಳಿಸ್ತಾ ಇಲ್ವೇನಮ್ಮ? ಮರದವನಿಗೆ ಬಾ ಅಂದಿದೀನಿ, ಬೆಳಿಗ್ಗೆ ಬೇಗ ಏಳ್ಬೇಕು. ಎದ್ಯಾ?"

"ಒಂದ್ನಿಮಿಷ ಮಾವ!" ಎಂದು ಕೂಗಿದೆ. ಗೋಡೆ ದಾಟುವಷ್ಟು ಜೋರಾಗಿಯೇ ಕೂಗಿದೆ.

ಅವರು ಬಟ್ಟೆ ಹಾಕಿಕೊಂಡು ಹೊರಗೆ ಹೋದದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಚಪ್ಪಲಿ ಗೂಡಿನ ಹತ್ತಿರ ಗೊಣಗಾಟ ಶುರುವಾಯಿತು. ಈ ಮನೆ ಹೆಂಗಸರಿಗೆಲ್ಲ ಒಂದೇ ಗಡಿಯಾರ ಅಂತೆ. ನಾನು ಒಂದು ಯುಜು ಹಣ್ಣನ್ನು ಎದೆಗೆ ಎಳೆದುಕೊಂಡು, ಬೇಕೆಂದೇ, ಗಲ್ಲದವರೆಗೆ ಮುಳುಗಿ ಕೂತೆ.