ಮಳೆ ತಡೆದ ತಾಡಪತ್ರಿ

ನಾನು ಒಂದು ತಾಡಪತ್ರಿ, ಕೆಲವರ ಬಾಯಲ್ಲಿ ಟಾರ್ಪಾಲು. ಹುಟ್ಟಿದ್ದು ಕಾರ್ಖಾನೆಯಲ್ಲಿ, ನೂರಾರು ಒಡಹುಟ್ಟಿದವರ ಜೊತೆ. ಮೈ ನೀಲಿ, ಅಂಚಿಗೆ ಹಗ್ಗ ಪೋಣಿಸಲು ಹಿತ್ತಾಳೆಯ ಕಣ್ಣುಗಳು. ಅಂಗಡಿಯಲ್ಲಿ ಮಡಿಚಿ ಕೂತಿದ್ದಾಗ ನನ್ನ ಜೊತೆಯವರೆಲ್ಲ ಒಬ್ಬೊಬ್ಬರಾಗಿ ರಾಶಿ ಮುಚ್ಚಲು ಹೋದರು. ನನಗೂ ಅದೇ ಆಸೆ. ಕಣದಲ್ಲಿ ಜೋಳದ ರಾಶಿಯ ಮೇಲೆ ಮಲಗುವುದಕ್ಕಿಂತ ದೊಡ್ಡ ಪದವಿ ನಮ್ಮ ಕುಲದಲ್ಲಿಲ್ಲ.

ಹಣೆಬರಹ ಬೇರೆಯೇ ಇತ್ತು. ವಿಜಯಪುರದ ಕಡೆಯ ಒಂದು ಸಣ್ಣ ಬೀಜ ಕೇಂದ್ರಕ್ಕೆ ಬಂದೆ. ಅಲ್ಲಿನ ವಿಜ್ಞಾನಿ ಇಟಗಿ ಮೇಡಂ ನನ್ನನ್ನು ಕಬ್ಬಿಣದ ಚೌಕಟ್ಟಿಗೆ ಕಟ್ಟಿಸಿದರು. ಕೆಳಗೆ ನಲವತ್ತು ಸಾಲು ಜೋಳ, ಸಾಲಿಗೊಂದು ತಳಿ. ಬಿಸಿಲಿದ್ದಾಗ ನಾನು ಸುರುಳಿ ಸುತ್ತಿಕೊಂಡು ಬಿದ್ದಿರಬೇಕು, ಮಳೆ ಬಂದರೆ ಹರಡಿ ಒಂದು ಹನಿಯೂ ಕೆಳಗಿಳಿಯದಂತೆ ತಡೆಯಬೇಕು. ಬಾಯಾರಿಕೆ ತಾಳಿ ತೆನೆ ಹಿಡಿದ ಸಾಲಿನ ಬೀಜವನ್ನು ಮಳೆಯನ್ನೇ ನಂಬಿದ ಸಣ್ಣ ರೈತರಿಗೆ ಕೊಡುವುದೆಂದು ಮಾತಾಗಿತ್ತು.

ನನ್ನನ್ನು ಎಳೆಯುವ ಕೆಲಸ ನಿಂಬೆವ್ವನದು. ಕೇಂದ್ರದ ಬೇಲಿಯಾಚೆ ಅವಳದೂ ಎರಡು ಎಕರೆ ಇತ್ತು. ಮೂರು ವರ್ಷದಲ್ಲಿ ಎರಡು ವರ್ಷ ಅಲ್ಲಿ ಜೋಳ ತೆನೆ ಕಟ್ಟುವ ಮೊದಲೇ ಒಣಗುತ್ತಿತ್ತು. ಹಾಗಾಗಿ ಈ ಬೀಜ ಅವಳಿಗೇ ಬೇಕಾದದ್ದು. ಆದರೂ ಮಳೆ ಬಂದಾಗಲೆಲ್ಲ ಗೊಣಗುತ್ತಿದ್ದಳು.

“ದೇವರು ಕೊಟ್ಟ ಮಳಿಗೆ ಬಾಗಲಾ ಹಾಕ್ತೀವಲ್ರಿ.”

ಎಳೆದು ಕಟ್ಟಿದ ಮೇಲೆ ಆಕಾಶ ನೋಡಿ ತಪ್ಪಾಯಿತೆಂದು ಎರಡೂ ಗಲ್ಲ ಬಡಿದುಕೊಳ್ಳುತ್ತಿದ್ದಳು. ಆ ಪಾಪದಲ್ಲಿ ನನಗೂ ಪಾಲಿದೆ ಎಂದು ನಾನು ಮುದುರಿಕೊಳ್ಳುತ್ತಿದ್ದೆ.

ಮೂರನೆಯ ವರ್ಷವೇ ಕಡೆಯ ಪರೀಕ್ಷೆ. ನಲವತ್ತು ದಿನ ಹನಿ ಬೀಳಲಿಲ್ಲ. ಎಲೆಗಳು ಬೀಡಿಯಂತೆ ಸುತ್ತಿಕೊಂಡವು. ಒಂದು ಮಧ್ಯಾಹ್ನ ಸ್ವಾತಿ ಮಳೆ ಬಂತು. ನಿಂಬೆವ್ವ ಓಡಿಬಂದು ಹಗ್ಗ ಹಿಡಿದಳು, ಸಾಲುಗಳ ಕಡೆ ನೋಡಿದಳು, ಹಗ್ಗ ಬಿಟ್ಟುಬಿಟ್ಟಳು. ಒಂದು ತಾಸು ಮಳೆ ಹುಯ್ಯಿತು. ನಿಜ ಹೇಳುತ್ತೇನೆ, ನನಗೂ ಖುಷಿಯಾಯಿತು.

ಮರುದಿನ ಮೇಡಂ ಬಂದು ಕೆಸರು ನೋಡಿದರು.

“ಹಗ್ಗ ಹರದಿತ್ತೇನು?”

“ಇಲ್ರಿ, ಹಗ್ಗ ಗಟ್ಟಿ ಐತಿ. ನಾನಽ ಎಳೀಲಿಲ್ಲ. ಉಣ್ಣಾಕ ಕುಂತವರ ಮುಂದಿನ ಗಂಗಾಳ ಕಸಗೊಂಡಂಗ ಆಕ್ಕಿತ್ರಿ.”

ಮೇಡಂ ಬದುವಿನ ಮೇಲೆ ಕೂತುಬಿಟ್ಟರು. ಬೈಯಲಿಲ್ಲ. ಬಿಚ್ಚಿಕೊಂಡ ಎಲೆಯೊಂದನ್ನು ಹಿಡಿದು ಕೇಳಿದರು.

“ಇಲ್ಲಿ ನೀ ಕುಡಿಸಿದಿ, ನಿಂಬೆವ್ವ. ನಾಳೆ ನಿನ್ನ ಹೊಲದಾಗ ಸ್ವಾತಿ ಕೈಕೊಟ್ರ ಇವಕ್ಕ ಯಾರು ಕುಡಸ್ತಾರ?”

ನಿಂಬೆವ್ವ ಬೇಲಿಯಾಚೆ ತನ್ನ ಹೊಲದ ಕಡೆ ನೋಡಿದಳು. ಪರೀಕ್ಷೆ ಕೆಟ್ಟಿತ್ತು. ಆ ವರ್ಷ ಯಾರ ಹೊಲಕ್ಕೂ ಬೀಜ ಹೋಗಲಿಲ್ಲ, ಅವಳ ಹೊಲಕ್ಕೂ.

ಮುಂದಿನ ವರ್ಷ ಮತ್ತೆ ಸ್ವಾತಿ ಬಂತು. ಈ ಸಲ ಅವಳು ನನ್ನನ್ನು ಬಿಗಿಯಾಗಿ ಎಳೆದು ನಾಲ್ಕೂ ಮೂಲೆ ಕಟ್ಟಿದಳು. ಗಲ್ಲ ಬಡಿದುಕೊಂಡಳು. ತಾನು ಮಾತ್ರ ನನ್ನ ಕೆಳಗೆ ಬರದೆ ಹೊರಗೇ ನಿಂತು ತೊಯ್ದಳು. “ತಡಕೋ, ನನ್ನವ್ವಾ,” ಎಂದು ಇನ್ನೂ ಹಸಿರು ಬಿಡದಿದ್ದ ಹದಿನೇಳನೆಯ ಸಾಲಿಗೆ ಹೇಳುತ್ತಿದ್ದಳು. ಅವಳ ಸಂಕಟ ನೋಡಲಾಗುತ್ತಿರಲಿಲ್ಲ. ಕಡೆಗೆ ಮೂವತ್ತಾರು ಸಾಲು ಒಣಗಿದವು. ಉಳಿದ ನಾಲ್ಕರಲ್ಲಿ ಹದಿನೇಳನೆಯದು ತುಂಬು ತೆನೆ ಹಿಡಿಯಿತು.

ಅಷ್ಟು ಹೊತ್ತಿಗೆ ನಾನು ಬಿಸಿಲಿಗೆ ಬಿರಿದು, ಕಣ್ಣು ಕಿತ್ತು, ಗುಜರಿಯ ದಾರಿ ಹಿಡಿದಿದ್ದೆ. ನಿಂಬೆವ್ವ ಮೇಡಂ ಅವರನ್ನು ಕೇಳಿ ನನ್ನನ್ನು ಮನೆಗೆ ಹೊತ್ತೊಯ್ದಳು. ಮರುವರ್ಷ ತನ್ನ ಎರಡು ಎಕರೆಗೆ ಹದಿನೇಳನೆಯ ಸಾಲಿನ ಬೀಜ ಬಿತ್ತಿದಳು. ಆ ವರ್ಷ ಸ್ವಾತಿ ಬರಲೇ ಇಲ್ಲ. ಜೋಳ ಮಾತ್ರ ಬಂತು. ಬೆಟ್ಟದಷ್ಟೇನಲ್ಲ, ವರ್ಷದ ರೊಟ್ಟಿಗೆ ಸಾಕಾಗುವಷ್ಟು.

ರಾಶಿ ಮಾಡಿದ ದಿನ ಸಂಜೆ ಅಕಾಲದ ಮಳೆ ಸುರಿಯಿತು. ಅವಳು ಓಡಿಬಂದು ನನ್ನನ್ನು ಎರಡು ಮಡಿಕೆ ಮಾಡಿ ರಾಶಿಗೆ ಹೊದಿಸಿದಳು. ಅಂಚಿಗೆ ಕಲ್ಲು ಹೇರಿದಳು. ನಾನು ಇದ್ದ ಬಲವನ್ನೆಲ್ಲ ಹಾಕಿ ಮಳೆ ತಡೆದೆ. ಕೆಳಗೆ ಕಾಳು ಬೆಚ್ಚಗಿತ್ತು. ನಿಂಬೆವ್ವ ನನ್ನ ಮೂಲೆಯೊಂದನ್ನು ತಲೆಗೆ ಎಳೆದುಕೊಂಡು ರಾಶಿಗೆ ಒರಗಿ ಕೂತಳು, ಆಕಾಶ ನೋಡಿದಳು. ಈ ಸಲ ಗಲ್ಲ ಬಡಿದುಕೊಳ್ಳಲಿಲ್ಲ.